ಬ್ಲೆಡ್: ಬಂಡೆ ಮೇಲೆ ಕೋಟೆ, ಇನ್ನೂರು ಕಿಲೋಮೀಟರ್ ದೂರದಲ್ಲಿ ಒಡೆಯ

ಗುರುವಾರ

ಸ್ಲೊವೇನಿಯಾದ ರಾಜಧಾನಿ ಲುಬ್ಲಿಯಾನಾದಿಂದ ಸರೋವರದ ಊರು ಬ್ಲೆಡ್‌ಗೆ ಬಸ್ಸಿನಲ್ಲಿ ಒಂದೂಕಾಲು ಗಂಟೆ. ರೈಲೂ ಇದೆ, ಆದರೆ ಅದು ಊರಿನಿಂದ ನಾಲ್ಕು ಕಿಲೋಮೀಟರ್ ಆಚೆ ಲೆಸ್ತ್ಸೆ ಅನ್ನೋ ಕಡೆ ಇಳಿಸುತ್ತದೆ, ಅಲ್ಲಿಂದ ಮತ್ತೆ ಬಸ್ಸೇ ಗತಿ. ಅದಕ್ಕೆ ನೇರ ಬಸ್ಸೇ ವಾಸಿ. ಅಣ್ಣ, ಅತ್ತಿಗೆ, ನಾನು ಮೂವರೂ ಲುಬ್ಲಿಯಾನಾದಲ್ಲಿ ಸೇರಿಕೊಂಡು ಮಧ್ಯಾಹ್ನದ ಬಸ್ ಹಿಡಿದೆವು. ಸ್ಲೊವೇನಿಯಾ ಪುಟ್ಟ ದೇಶ, ಕರ್ನಾಟಕದ ಹತ್ತರಲ್ಲೊಂದು ಪಾಲಿನಷ್ಟು ಅಷ್ಟೇ. ಹಾಗಾಗಿ ಎಲ್ಲಿಂದ ಎಲ್ಲಿಗೆ ಹೋದರೂ ಊಟದ ಹೊತ್ತಿಗೆ ತಲುಪಿಬಿಡಬಹುದು.

ಬ್ಲೆಡ್ ಅಂದರೆ ಎಲ್ಲರಿಗೂ ನೆನಪಾಗುವುದು ಸರೋವರದ ನಡುವಿನ ದ್ವೀಪ, ಅದರ ಮೇಲಿನ ಚರ್ಚು. ಫೋಟೋಗಳಲ್ಲಿ ಅದೇ ಮುಂದೆ ಇರುತ್ತದೆ. ಹಿಂದೆ ಬಂಡೆ ಮೇಲೆ ಕೂತ ಕೋಟೆ ಸುಮ್ನೆ ಅಲಂಕಾರಕ್ಕೆ ಇಟ್ಟ ಹಾಗೆ ಕಾಣುತ್ತದೆ. ನಾನು ಬಂದಿದ್ದು ಮಾತ್ರ ಆ ಕೋಟೆಗಾಗಿ.

ರೂಮಿಗೆ ಬ್ಯಾಗ್ ಹಾಕಿ ಸಂಜೆ ಸರೋವರದ ಸುತ್ತ ನಡೆದೆವು. ಒಂದು ಸುತ್ತು ಅಂದರೆ ಸುಮಾರು ಆರು ಕಿಲೋಮೀಟರ್, ಸಮತಟ್ಟಾದ ದಾರಿ, ಯಾರು ಬೇಕಾದರೂ ನಡೆಯಬಹುದು. ನೀರು ಸಮುದ್ರ ಮಟ್ಟದಿಂದ 475 ಮೀಟರ್ ಎತ್ತರದಲ್ಲಿದೆ. ಉದ್ದ ಎರಡು ಕಿಲೋಮೀಟರಿಗಿಂತ ಚೂರು ಜಾಸ್ತಿ, ಆಳ ಅತಿ ಹೆಚ್ಚೆಂದರೆ 30 ಮೀಟರ್. ಹಿಮಯುಗ ಮುಗಿಯುವಾಗ ಬೊಹಿನ್ ಕಡೆಯಿಂದ ಬಂದ ಹಿಮನದಿ ಹಿಂದೆ ಸರಿದು ಬಿಟ್ಟುಹೋದ ಗುಂಡಿಯಲ್ಲಿ ನೀರು ನಿಂತು ಆದ ಸರೋವರ ಇದು. ಉತ್ತರದ ದಡದಲ್ಲಿ ಒಂದು ಸುಣ್ಣಕಲ್ಲಿನ ಬಂಡೆ ನೀರಿನ ಅಂಚಿನಿಂದ ಹೆಚ್ಚುಕಮ್ಮಿ ನೆಟ್ಟಗೆ 130 ಮೀಟರ್ ಏಳುತ್ತದೆ. ಅದರ ನೆತ್ತಿ ಮೇಲೆ ಕೋಟೆ.

ಕೆಳಗಿನಿಂದ ನೋಡಿದರೆ ಒಂದು ವಿಷಯ ಗೊತ್ತಾಗುತ್ತದೆ. ಸರೋವರದ ಕಡೆ ಗೋಡೆ ಎಲ್ಲಿ ಶುರು, ಬಂಡೆ ಎಲ್ಲಿ ಮುಗಿಯಿತು ಅನ್ನೋದು ಸುಲಭಕ್ಕೆ ತಿಳಿಯುವುದಿಲ್ಲ. ಬಂಡೆ ಹೇಗೆ ತಿರುಗಿದೆಯೋ ಗೋಡೆಯೂ ಹಾಗೇ ತಿರುಗಿದೆ. ಈ ಕಡೆಯಿಂದ ಹತ್ತಿ ಬರುವ ಶತ್ರು ಯಾರೂ ಇಲ್ಲ ಅಂತ ಕಟ್ಟಿದವರಿಗೆ ಗೊತ್ತಿತ್ತು. ಕಂದಕ, ಎತ್ತುವ ಸೇತುವೆ, ಹೆಬ್ಬಾಗಿಲು ಎಲ್ಲ ನೀರಿಗೆ ಬೆನ್ನು ಹಾಕಿದ ಬದಿಯಲ್ಲಿವೆ. ಅಂದರೆ ನಾವೆಲ್ಲ ಫೋಟೋ ತೆಗೆಯುವುದು ಕೋಟೆಯ ಹಿತ್ತಲನ್ನು.

ಶುಕ್ರವಾರ

ಮೇಲೆ ಹೋಗಲು ವಾಹನದ ರಸ್ತೆ ಇದೆ, ಬೇರೆ ಬೇರೆ ಕಡೆಯಿಂದ ಕಾಲುದಾರಿಗಳೂ ಇವೆ. ನಾವು ಸಂತ ಮಾರ್ಟಿನ್ ಚರ್ಚಿನ ಪಕ್ಕದ ದಾರಿ ಹಿಡಿದೆವು. ಏರು ಜೋರಾಗಿಯೇ ಇದೆ, ಆದರೆ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಹತ್ತುವ ಮುಂಚೆ ಆ ಚರ್ಚಿನೊಳಗೆ ಇಣುಕಿ. ಕಟ್ಟಡ ಹಳೆಯದಲ್ಲ, ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಮಧ್ಯಯುಗದ ಗಾಥಿಕ್ ಶೈಲಿಯನ್ನು ಮತ್ತೆ ತಂದು ಕಟ್ಟಿದ್ದು. ಒಳಗಿನ ಗೋಡೆಚಿತ್ರ 1930ರ ದಶಕದಲ್ಲಿ ಸ್ಲಾವ್ಕೊ ಪೆಂಗೊವ್ ಬರೆದದ್ದು. ಏಸುವಿನ ಕೊನೆಯ ಊಟದ ಚಿತ್ರದಲ್ಲಿ, ಅವನಿಗೆ ದ್ರೋಹ ಬಗೆದ ಶಿಷ್ಯ ಜೂದಾಸನಿಗೆ ಆ ಚಿತ್ರಕಾರ ಲೆನಿನ್ನನ ಮುಖ ಇಟ್ಟಿದ್ದಾನೆ! ಮುಂದೆ ಕಮ್ಯುನಿಸ್ಟ್ ಸರ್ಕಾರ ಬಂದ ಮೇಲೂ ಆ ಚಿತ್ರ ಉಳಿದುಕೊಂಡಿತು. ಅತ್ತಿಗೆ ಅಲ್ಲೇ ನಿಂತು ನಕ್ಕಿದ್ದೇ ನಕ್ಕಿದ್ದು.

ಕೋಟೆ ಬಾಗಿಲಿಗೆ ಬಂದಾಗ ಇನ್ನೂ ಟೂರಿಸ್ಟ್ ಬಸ್ಸುಗಳು ಬಂದಿರಲಿಲ್ಲ. ಬೆಳಗ್ಗೆ ಬೇಗ ಹೋಗಿ, ಹತ್ತು ಗಂಟೆ ಮೇಲೆ ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹೆಬ್ಬಾಗಿಲ ಹತ್ತಿರ ನಾನು ತುಂಬಾ ಹೊತ್ತು ನಿಂತೆ, ಯಾಕೆಂದರೆ ಅಲ್ಲಿ ಎರಡು ಕಾಲ ಒಟ್ಟಿಗೆ ಕಾಣುತ್ತವೆ. ಹೊರಗೋಡೆ ಗಾಥಿಕ್‌ಗೂ ಮುಂಚಿನ ರೋಮನೆಸ್ಕ್ ಕಾಲದ್ದು. ಆ ಕಾಲದವರಿಗೆ ಗೋಡೆ ಅಂದರೆ ದಪ್ಪ ಇರಬೇಕು, ಕಿಂಡಿ ಸಣ್ಣದಿರಬೇಕು, ಕಮಾನು ಅರ್ಧ ದುಂಡಗಿರಬೇಕು, ಅಷ್ಟೇ. ಆದರೆ ಬಾಗಿಲ ಕಮಾನು ನೋಡಿದರೆ ಮೇಲೆ ಚೂಪಾಗಿದೆ, ಅದು ಗಾಥಿಕ್. ಹಳೇ ಗೋಡೆಗೆ ಹೊಸ ಕಾಲದ ಬಾಗಿಲು. ಕಮಾನಿನ ಕಲ್ಲುಗಳನ್ನು ಅಳತೆ ಹಿಡಿದು ಕೆತ್ತಿ ಕೂರಿಸಿದ್ದಾರೆ, ಪಕ್ಕದ ಗೋಡೆಯಲ್ಲಿ ಸಿಕ್ಕ ಸಿಕ್ಕ ಗಾತ್ರದ ಕಲ್ಲನ್ನು ಗಾರೆ ಹಾಕಿ ಪೇರಿಸಿದ್ದಾರೆ. ಎರಡೂ ಸೇರುವ ಗೆರೆಯನ್ನು ಬೆರಳಲ್ಲಿ ಮುಟ್ಟಿ ನೋಡಬಹುದು.

"ಇನ್ನೂ ಎಷ್ಟು ಹೊತ್ತು ಗೋಡೆ ನೋಡ್ತೀಯೋ, ಒಳಗೂ ಗೋಡೆನೇ ಇರೋದು," ಅಂದ ಅಣ್ಣ.

ಒಳಗೆ ಎರಡು ಅಂಗಳ. ಬಂಡೆಯ ತಲೆ ಸಮ ಇಲ್ಲ, ಒಂದು ಕಡೆ ತಗ್ಗು, ಒಂದು ಕಡೆ ಎತ್ತರ. ಅದನ್ನು ಕಡಿದು ಸಮ ಮಾಡುವ ಗೋಜಿಗೆ ಹೋಗದೆ ಇದ್ದ ಹಾಗೇ ಬಳಸಿಕೊಂಡಿದ್ದಾರೆ. ಕೆಳಗಿನ ಅಂಗಳದ ಸುತ್ತ ಕೆಲಸದ ಕಟ್ಟಡಗಳು, ಮೇಲಿನ ಅಂಗಳದ ಸುತ್ತ ವಾಸದ ಮನೆ ಮತ್ತು ಪ್ರಾರ್ಥನಾ ಮಂದಿರ, ನಡುವೆ ಮೆಟ್ಟಿಲು. ಅಷ್ಟೇ ಕೋಟೆ. ದರ್ಬಾರು ಹಾಲ್, ರಾಣಿವಾಸ, ಸಿಂಹಾಸನ ಹುಡುಕಿಕೊಂಡು ಬಂದವರಿಗೆ ನಿರಾಸೆ ಆಗುತ್ತದೆ. ನನ್ನ ಪಕ್ಕದಲ್ಲಿದ್ದ ಒಂದು ಕುಟುಂಬ ಹತ್ತು ನಿಮಿಷದಲ್ಲಿ ಎಲ್ಲ ನೋಡಿ ಮುಗಿಸಿ ಕಾಫಿಗೆ ಹೋಯಿತು. ಅವರ ತಪ್ಪಲ್ಲ. ಇಲ್ಲಿ ರಾಜ ಇರಲೇ ಇಲ್ಲ.

ಇಲ್ಲಿದ್ದದ್ದು ಏನು ಅಂತ ತಿಳಿಯಲು ಸಾವಿರ ವರ್ಷ ಹಿಂದೆ ಹೋಗಬೇಕು. 1004ರ ಏಪ್ರಿಲ್‌ನಲ್ಲಿ ಜರ್ಮನ್ ರಾಜ ಎರಡನೇ ಹೆನ್ರಿ ದಂಡು ಕಟ್ಟಿಕೊಂಡು ಇಟಲಿಗೆ ಹೊರಟಿದ್ದ. ಅಲ್ಲಿ ಅರ್ದುಯಿನ್ ಅನ್ನುವವನು ತಾನೇ ಇಟಲಿಯ ರಾಜ ಅನ್ನುತ್ತಿದ್ದ, ಅವನನ್ನು ಇಳಿಸಬೇಕಿತ್ತು. ಆಲ್ಪ್ಸ್ ದಾಟಿ ಇಟಲಿಗೆ ಇಳಿಯಲು ಬ್ರೆನ್ನರ್ ಕಣಿವೆಯ ದಾರಿ ಮುಖ್ಯ, ಆ ದಾರಿಯಲ್ಲಿ ಇರುವುದು ಬ್ರಿಕ್ಸೆನ್ ಊರು. ಅಲ್ಲಿನ ಬಿಷಪ್ ಆಲ್ಬುಯಿನ್‌ಗೆ ಹೆನ್ರಿ ಬ್ಲೆಡ್‌ನ ಜಮೀನು ದಾನ ಕೊಟ್ಟ. ದಾರಿ ಕಾಯುವವನ ಸ್ನೇಹ ಯಾವ ರಾಜನಿಗೆ ಬೇಡ? ಅದೂ ಅಲ್ಲದೆ ಜಮೀನನ್ನು ಸರದಾರನಿಗೆ ಕೊಟ್ಟರೆ ಅವನ ಮಗ, ಮೊಮ್ಮಗ ಅಂತ ಅದು ಆ ಮನೆತನದ್ದೇ ಆಗಿಹೋಗುತ್ತದೆ. ಬಿಷಪ್ಪನಿಗೆ ವಾರಸುದಾರ ಇಲ್ಲ. ಅವನು ಸತ್ತರೆ ಮುಂದಿನ ಬಿಷಪ್ ಯಾರು ಅನ್ನೋದರಲ್ಲಿ ರಾಜನ ಮಾತು ನಡೆಯುತ್ತಿತ್ತು. ಏಳು ವರ್ಷ ಬಿಟ್ಟು, 1011ರ ಮೇ 22ರಂದು, ಕೋಟೆಯನ್ನೂ ಬ್ರಿಕ್ಸೆನ್ನಿನ ಮುಂದಿನ ಬಿಷಪ್ ಆಡಲ್ಬೆರೊಗೆ ಬರೆದುಕೊಟ್ಟ. ಈ ಕೋಟೆಯ ಹೆಸರು ಮೊದಲು ಸಿಗುವುದು ಆ ದಾನಪತ್ರದಲ್ಲೇ. ಅದನ್ನೇ ಲೆಕ್ಕ ಹಿಡಿದು 2011ರಲ್ಲಿ ಸಾವಿರ ವರ್ಷದ ಹಬ್ಬ ಮಾಡಿದರು.

ಬ್ರಿಕ್ಸೆನ್ ಈಗ ಇಟಲಿಯಲ್ಲಿದೆ. ಇಲ್ಲಿಂದ ಹಕ್ಕಿ ಹಾರಿದಂತೆ ಲೆಕ್ಕ ಹಾಕಿದರೂ 200 ಕಿಲೋಮೀಟರಿಗೆ ಹತ್ತಿರ, ನಡುವೆ ಬೆಟ್ಟವೋ ಬೆಟ್ಟ. ಕುದುರೆ ಮೇಲೆ ಎಷ್ಟು ದಿನದ ಹಾದಿ ಅಂತ ನೀವೇ ಯೋಚಿಸಿ. ಬಿಷಪ್ಪರು ಇಲ್ಲಿಗೆ ಬರುತ್ತಿದ್ದದ್ದು ಅಪರೂಪ. ಎಂಟು ನೂರು ವರ್ಷ ಒಡೆತನ ಅವರದು, ಇದ್ದು ನೋಡಿಕೊಂಡವರು ಬೇರೆಯವರು. ಮೊದಲು ಅವರ ಸೇವಕ ಸರದಾರರು, ಆಮೇಲೆ ಕೋಟೆ ಮೇಲ್ವಿಚಾರಕರು, ಆಮೇಲೆ ಗುತ್ತಿಗೆದಾರರು. ಸುತ್ತಲ ಹಳ್ಳಿಗಳಿಂದ ಬರಬೇಕಾದ್ದನ್ನು ವಸೂಲು ಮಾಡುವುದು, ಜಗಳ ತೀರ್ಮಾನ ಮಾಡುವುದು, ಲೆಕ್ಕ ಇಡುವುದು, ಗಲಾಟೆ ಆದರೆ ಬಾಗಿಲು ಹಾಕಿಕೊಳ್ಳುವುದು. ನನಗಂತೂ ಇದು ನಮ್ಮ ಉತ್ತರ ಕರ್ನಾಟಕದ ದೇಸಾಯರ ವಾಡೆಯ ಹಾಗೆ ಕಂಡಿತು. ದಪ್ಪ ಗೋಡೆ, ದೊಡ್ಡ ಬಾಗಿಲು, ಒಳಗೆ ಅಂಗಳ, ಕಣಜ, ಕಚೇರಿ, ಮೂಲೆಯಲ್ಲಿ ದೇವರು. ಹಾಗೆ ನೋಡಿದ ಮೇಲೆ ಎಲ್ಲ ಅರ್ಥ ಆಯಿತು. ಇಷ್ಟು ಸಣ್ಣದಾಗಿ ಯಾಕಿದೆ, ಇಷ್ಟು ಸಾದಾ ಯಾಕಿದೆ, ಕೆಳಗಿನ ಅಂಗಳ ಯಾಕೆ ಬರೀ ಕೆಲಸದ್ದು, ಎಲ್ಲಕ್ಕೂ ಅದೇ ಉತ್ತರ.

ಕಟ್ಟಡದ ಇನ್ನೊಂದು ಕಥೆ ಭೂಕಂಪದ್ದು. 1511ರ ಮಾರ್ಚ್ 26ರಂದು ಈ ಇಡೀ ಸೀಮೆ ಅಲುಗಾಡಿತು, ಇಡ್ರಿಯಾ ಭೂಕಂಪ ಅಂತ ಕರೆಯುತ್ತಾರೆ. ಲುಬ್ಲಿಯಾನಾದಲ್ಲೂ ಮನೆಗಳು ಬಿದ್ದವು, ಬ್ಲೆಡ್ ಕೋಟೆಗೂ ಜೋರಾಗಿಯೇ ಪೆಟ್ಟು ಬಿತ್ತು. ಆಮೇಲೆ ಕಟ್ಟಿಕೊಂಡದ್ದೇ ಈಗ ನಾವು ನೋಡುವ ವಾಸದ ಭಾಗ, ಅದರಲ್ಲಿ ಹೆಚ್ಚಿನದು ರಿನೈಸಾನ್ಸ್ ಕಾಲದ್ದು. ಅತಿ ಹಳೆಯದು ರೋಮನೆಸ್ಕ್ ಗೋಪುರ. ಮಧ್ಯಯುಗದ ಕೊನೆಕೊನೆಗೆ ಇನ್ನಷ್ಟು ಗೋಪುರ ಸೇರಿಸಿ ಗೋಡೆ ಬಲ ಮಾಡಿಕೊಂಡರು. ಆದ್ದರಿಂದ "ಸಾವಿರ ವರ್ಷದ ಕೋಟೆ" ಅನ್ನೋ ಮಾತನ್ನು ಪೂರ್ತಿ ನಂಬಬೇಡಿ. ಜಾಗ ಸಾವಿರ ವರ್ಷದ್ದು, ಗೋಡೆಗಳಿಗೆ ಒಂದೊಂದಕ್ಕೂ ಒಂದೊಂದು ವಯಸ್ಸು.

ಪ್ರಾರ್ಥನಾ ಮಂದಿರ ಮೇಲಿನ ಅಂಗಳದಲ್ಲಿದೆ. ಪುಟ್ಟದು, ಹದಿನಾರನೇ ಶತಮಾನದ್ದು. 1700ರ ಹೊತ್ತಿಗೆ ಇದನ್ನು ಬರೋಕ್ ಶೈಲಿಗೆ ತಿರುಗಿಸಿ ಒಳಗೆಲ್ಲ ಚಿತ್ರ ಬರೆಸಿದ್ದಾರೆ. ಇದನ್ನು ಅರ್ಪಿಸಿರುವುದು ಸಂತ ಆಲ್ಬುಯಿನ್ ಮತ್ತು ಸಂತ ಇಂಗೆನುಯಿನ್‌ಗೆ. ಹೌದು, ಜಮೀನು ದಾನ ಪಡೆದ ಅದೇ ಆಲ್ಬುಯಿನ್, ಮುಂದೆ ಸಂತನಾದ! ಕೊಟ್ಟವನನ್ನೂ ಮರೆತಿಲ್ಲ. ಹೆನ್ರಿ ಮತ್ತು ಅವನ ಹೆಂಡತಿ ಕುನಿಗುಂಡೆಯ ಚಿತ್ರಗಳು ಅಲ್ಲೇ ಇವೆ, ಅವರಿಬ್ಬರನ್ನೂ ಚರ್ಚ್ ಸಂತರ ಪಟ್ಟಿಗೆ ಸೇರಿಸಿದೆ. ದಾನ ಕೊಟ್ಟವರು, ಪಡೆದವರು ಒಂದೇ ಸಣ್ಣ ಕೋಣೆಯಲ್ಲಿ. ಇದು ಭಕ್ತಿಯೂ ಹೌದು, ಹಕ್ಕುಪತ್ರವನ್ನು ಗೋಡೆಗೆ ಅಂಟಿಸಿದ ಹಾಗೂ ಹೌದು. ಜಮೀನು ನಮ್ಮದು ಹೇಗೆ ಅಂತ ಯಾರಾದರೂ ಕೇಳಿದರೆ ಕೈ ತೋರಿಸಬಹುದು. ಗೋಡೆಚಿತ್ರದ ಹತ್ತಿರ ಹೋಗಿ ನೋಡಿದರೆ ಒಂದು ತಮಾಷೆ ಇದೆ. ದೂರದಿಂದ ಕಂಬ, ಕಟ್ಟೆಗಳ ಹಾಗೆ ಕಾಣುವ ಕೆಲವು ಕಲ್ಲಲ್ಲ, ಬಣ್ಣ. ನೆರಳು ಬಿದ್ದ ಹಾಗೆ ಬರೆದು ಇಲ್ಲದ ಕಟ್ಟಡ ತೋರಿಸಿದ್ದಾರೆ. ಜಾಗ ಇಷ್ಟೇ ಇದ್ದಾಗ ಇನ್ನೇನು ಮಾಡ್ತಾರೆ?

ಮ್ಯೂಸಿಯಂ ಚೆನ್ನಾಗಿದೆ, ಆದರೆ ಆಯುಧಗಳ ಕೋಣೆ ಎಲ್ಲ ಕೋಟೆಯಲ್ಲೂ ಇರುವಂಥದ್ದೇ. ಮುದ್ರಣದ ಕೋಣೆ ಮಾತ್ರ ಬಿಡಬೇಡಿ. ಗುಟೆನ್‌ಬರ್ಗ್ ಕಾಲದ ಮಾದರಿಯ ಮರದ ಮುದ್ರಣ ಯಂತ್ರ ಇಟ್ಟಿದ್ದಾರೆ, ಕೈಯಲ್ಲಿ ಮಾಡಿದ ಕಾಗದದ ಮೇಲೆ ಅಚ್ಚು ಹಾಕಿ ಕೊಡುತ್ತಾರೆ. ಅತ್ತಿಗೆ ಹಿಡಿ ಹಿಡಿದು ಎಳೆದರು, ಮೊದಲ ಸಲ ಅರ್ಧಕ್ಕೇ ನಿಂತಿತು. ನೋಡಲು ಸುಲಭ, ಎಳೆಯಲು ರಟ್ಟೆ ಬೇಕು. ಸ್ಲೊವೇನಿಯನ್ ಭಾಷೆಯ ಮೊದಲ ಪುಸ್ತಕಗಳು ಬಂದಿದ್ದು 1550ರಲ್ಲಿ, ಪ್ರಿಮೊಜ್ ತ್ರುಬಾರ್ ಅನ್ನುವ ಪ್ರೊಟೆಸ್ಟೆಂಟ್ ಪಾದ್ರಿ ಬರೆದದ್ದು. ಅವನು ಆಗ ದೇಶ ಬಿಟ್ಟು ಜರ್ಮನಿಯಲ್ಲಿದ್ದ, ಅಚ್ಚಾದದ್ದೂ ಅಲ್ಲೇ. ಇನ್ನೊಂದು ಮೂಲೆಯಲ್ಲಿ ವೈನ್ ನೆಲಮಾಳಿಗೆ, ಅಲ್ಲಿ ಸನ್ಯಾಸಿ ವೇಷದವರೊಬ್ಬರು ಪೀಪಾಯಿಯಿಂದ ಬಾಟಲಿ ತುಂಬಿಸಿ, ಬಿರಡೆ ಹಾಕಿ, ಅರಗಿನ ಮುದ್ರೆ ಒತ್ತಿಸುತ್ತಾರೆ. ನಾಟಕವೇ, ಆದರೆ ಅಣ್ಣನಿಗೆ ಅದೇ ಇಷ್ಟ ಆಯಿತು.

ಆಮೇಲೆ ಅಂಗಳದ ಅಂಚಿಗೆ ಬಂದು ನಿಂತೆವು. ಕೆಳಗೆ ಇಡೀ ಸರೋವರ, ದ್ವೀಪ, ಆಚೆ ಯೂಲಿಯನ್ ಆಲ್ಪ್ಸ್, ಇನ್ನೊಂದು ಕಡೆ ಕರವಾಂಕೆ ಬೆಟ್ಟಸಾಲು. ಯಾವ ಹಳ್ಳಿಯಿಂದ ಯಾವ ಗಾಡಿ ಹೊರಟರೂ ಇಲ್ಲಿಂದ ಕಾಣುತ್ತಿತ್ತು.

ಬಿಷಪ್ಪರ ಕಾಲ ಮುಗಿದಿದ್ದು 1803ರಲ್ಲಿ, ಚರ್ಚಿನ ಸಂಸ್ಥಾನಗಳನ್ನೆಲ್ಲ ಸರ್ಕಾರ ವಶಪಡಿಸಿಕೊಂಡಾಗ. 1809ರಿಂದ 1813ರವರೆಗೆ ಇಲ್ಲಿ ನೆಪೋಲಿಯನ್ನನ ಆಡಳಿತ. 1838ರಲ್ಲಿ ಆಸ್ಟ್ರಿಯಾದ ಚಕ್ರವರ್ತಿ ಬ್ಲೆಡ್ ಅನ್ನು ಮತ್ತೆ ಬ್ರಿಕ್ಸೆನ್‌ಗೆ ಕೊಟ್ಟ. ಅದರಿಂದ ಏನೂ ಗಿಟ್ಟಲಿಲ್ಲ, ಯಾಕೆಂದರೆ 1848ರಲ್ಲಿ ಜಮೀನ್ದಾರಿಯೇ ಹೋಯಿತು. ರೈತ ಕೊಡುವುದು ನಿಂತ ಮೇಲೆ ವಸೂಲಿ ಮನೆಗೆ ಏನು ಕೆಲಸ? 1858ರಲ್ಲಿ ಪಕ್ಕದ ಯೆಸೆನಿತ್ಸೆಯ ಕಬ್ಬಿಣದ ಕಾರ್ಖಾನೆ ಮಾಲೀಕ ವಿಕ್ಟರ್ ರುವಾರ್ಡ್‌ಗೆ ಎಲ್ಲ ಮಾರಿಬಿಟ್ಟರು. ಅವನ ನಂತರ ವಿಯೆನ್ನಾದ ಒಬ್ಬ ವ್ಯಾಪಾರಿ, ಮೊದಲ ಮಹಾಯುದ್ಧದ ಮೇಲೆ ಒಬ್ಬ ಹೋಟೆಲ್ ಮಾಲೀಕ. ಎರಡನೇ ಯುದ್ಧ ಮುಗಿದ ಮೇಲೆ ಸರ್ಕಾರದ್ದಾಯಿತು.

ಹೋಟೆಲ್ ಮಾಲೀಕ ಕೋಟೆ ಕೊಳ್ಳುವ ಹಂತಕ್ಕೆ ಬ್ಲೆಡ್ ಬರಲು ದಾರಿ ಮಾಡಿದವನು ಆರ್ನೊಲ್ಡ್ ರಿಕ್ಲಿ ಅನ್ನೋ ಸ್ವಿಸ್ ಮನುಷ್ಯ. 1855ರಲ್ಲಿ ಇಲ್ಲಿ ಪ್ರಕೃತಿ ಚಿಕಿತ್ಸೆ ಶುರು ಮಾಡಿ, ಯೂರೋಪಿನ ಸಿರಿವಂತರನ್ನು ಕರೆಸಿ ಬೆಳಗಾಗೆದ್ದು ಬರಿಗಾಲಲ್ಲಿ ಗುಡ್ಡ ಹತ್ತಿಸುತ್ತಿದ್ದ. ಬಿಸಿಲು ಸ್ನಾನ, ಗಾಳಿ ಸ್ನಾನ, ಮಿತ ಊಟ. ಜನ ದುಡ್ಡು ಕೊಟ್ಟು ಕಷ್ಟಪಡುತ್ತಿದ್ದರು. ಹಾಗೆ ಇದು ಪ್ರವಾಸದ ಊರಾಯಿತು.

ಕೊನೆಯದಾಗಿ ಒಂದು ಮಾತು, ಕೋಟೆ ಬಗ್ಗೆ ಓದುವಾಗ ಇದನ್ನು ಜಾಸ್ತಿ ಜನ ಹೇಳುವುದಿಲ್ಲ. ಈಗ ಕಾಣುವ ಅಚ್ಚುಕಟ್ಟಾದ ಅಂಗಳ, ಕಟ್ಟೆ, ಮೆಟ್ಟಿಲುಗಳಿಗೆ ಈ ರೂಪ ಬಂದಿದ್ದು 1951ರಿಂದ 1961ರವರೆಗೆ ನಡೆದ ದುರಸ್ತಿಯಲ್ಲಿ. ಮಾಡಿಸಿದ್ದು ಯುಗೊಸ್ಲಾವಿಯಾ ಸರ್ಕಾರ, ವಾಸ್ತುಶಿಲ್ಪಿ ಟೋನೆ ಬಿಟೆಂಟ್ಸ್. ಲುಬ್ಲಿಯಾನಾವನ್ನು ತಿದ್ದಿ ತೀಡಿದ ವಾಸ್ತುಶಿಲ್ಪಿ ಪ್ಲೆಚ್ನಿಕ್‌ನ ಶಿಷ್ಯ ಈತ. ನಾವು ಮಧ್ಯಯುಗ ಅಂತ ಖುಷಿಪಡುವ ಕೋಟೆಗೆ ಈ ಮಟ್ಟಸ ತಂದವನು ಇಪ್ಪತ್ತನೇ ಶತಮಾನದವನು. ನನಗೆ ಇದರಿಂದ ಬೇಸರ ಆಗಲಿಲ್ಲ. ಬಿಟೆಂಟ್ಸ್ ಕೈ ಹದವಾಗಿದೆ, ಎಲ್ಲೂ ಮೆರೆಯುವುದಿಲ್ಲ.

ಶನಿವಾರ

ಬೆಳಗ್ಗೆ ಮಂಜು. ಹತ್ತರ ಹೊತ್ತಿಗೆ ಕರಗಿತು. ದ್ವೀಪಕ್ಕೆ ಹೋಗಲು ಪ್ಲೆಟ್ನಾ ಅನ್ನೋ ದೋಣಿ ಇದೆ. ತಳ ಚಪ್ಪಟೆ, ಮೇಲೆ ಬಣ್ಣದ ಚಪ್ಪರ, ಅಂಬಿಗ ಹಿಂದೆ ನಿಂತುಕೊಂಡು ಎರಡು ಹುಟ್ಟು ಹಾಕುತ್ತಾನೆ. ಇಂಜಿನ್ ದೋಣಿಗಳ ಸದ್ದು ಈ ಸರೋವರದಲ್ಲಿ ಇಲ್ಲ. ಈ ದೋಣಿ ನಡೆಸುವ ಹಕ್ಕು ಹದಿನೆಂಟನೇ ಶತಮಾನದ ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾಳ ಕಾಲದಿಂದ ಕೆಲವೇ ಮನೆತನಗಳದ್ದು ಅಂತ ಇಲ್ಲಿಯವರು ಹೇಳುತ್ತಾರೆ.

ದ್ವೀಪಕ್ಕೆ ಇಳಿದರೆ ಎದುರಿಗೇ 99 ಮೆಟ್ಟಿಲು, 1655ರಲ್ಲಿ ಕಟ್ಟಿದ್ದು. ಇಲ್ಲಿ ಮದುವೆಯಾದರೆ ಗಂಡು ಹೆಣ್ಣನ್ನು ಎತ್ತಿಕೊಂಡು ಹತ್ತಬೇಕು, ಅವಳು ಬಾಯಿ ಬಿಡಬಾರದು. "ಮಾತಾಡದೆ ಇರೋದು ಕಷ್ಟವೋ, ಎತ್ತೋದು ಕಷ್ಟವೋ?" ಅಂತ ಅತ್ತಿಗೆ ಅಣ್ಣನನ್ನು ಕೇಳಿದರು. ಅವನು ಉತ್ತರ ಕೊಡಲಿಲ್ಲ.

ಚರ್ಚಿನ ಗಂಟೆ 1534ರದ್ದು, ಪಡುವಾದ ಫ್ರಾಂಚೆಸ್ಕೊ ಪಟಾವಿನೊ ಎರಕ ಹೊಯ್ದದ್ದು. ಹಗ್ಗ ಎಳೆದು ಬಾರಿಸಿದರೆ ಬೇಡಿದ್ದು ಆಗುತ್ತದೆ ಅನ್ನೋ ನಂಬಿಕೆ, ಅದಕ್ಕೇ ದಿನವಿಡೀ ಢಣ್ ಢಣ್ ಅನ್ನುತ್ತಲೇ ಇರುತ್ತದೆ. ಇದರ ಕಥೆ ಕೋಟೆಗೇ ಅಂಟಿಕೊಂಡದ್ದು. ಕೋಟೆಯಲ್ಲಿ ಪೊಲಿಕ್ಸೆನಾ ಅನ್ನುವ ಹೆಣ್ಣುಮಗಳಿದ್ದಳು. ಗಂಡನನ್ನು ಕಳ್ಳರು ಕೊಂದು ಸರೋವರಕ್ಕೆ ಎಸೆದರು. ಇದ್ದಬದ್ದ ಬೆಳ್ಳಿ ಬಂಗಾರ ಕೂಡಿಸಿ ಅವನ ನೆನಪಿಗೆ ಗಂಟೆ ಮಾಡಿಸಿದಳು, ದ್ವೀಪಕ್ಕೆ ಸಾಗಿಸುವಾಗ ಬಿರುಗಾಳಿಗೆ ದೋಣಿ ಮುಳುಗಿತು. ಅವಳು ರೋಮ್‌ಗೆ ಹೋಗಿ ಸನ್ಯಾಸಿನಿಯಾದಳು. ಅವಳು ಸತ್ತ ಮೇಲೆ ಪೋಪ್ ಹೊಸ ಗಂಟೆ ಕಳಿಸಿದನಂತೆ. ಕೋಟೆಯ ಕಾಗದಪತ್ರಗಳಲ್ಲಿ ಗುತ್ತಿಗೆದಾರರು, ವಸೂಲಿಗಾರರು. ಜನರ ಬಾಯಲ್ಲಿ ಉಳಿದವಳು ಈ ವಿಧವೆ.

ಮಧ್ಯಾಹ್ನ ಪಶ್ಚಿಮ ತುದಿಯ ಮಾಲಾ ಓಸೊಯ್ನಿತ್ಸಾ ಗುಡ್ಡ ಹತ್ತಿದೆವು, 685 ಮೀಟರ್. ದಾರಿಯಲ್ಲಿ ಒಂದು ಕಡೆ ಕಬ್ಬಿಣದ ಕಡಿದಾದ ಮೆಟ್ಟಿಲಿದೆ, ಮಳೆ ಬಂದಿದ್ದರೆ ಹೋಗಬೇಡಿ. ಇಲ್ಲಿಂದ ದ್ವೀಪ ಮುಂದೆ, ಕೋಟೆ ಹಿಂದೆ, ಎರಡೂ ಒಂದೇ ಚೌಕಟ್ಟಿಗೆ ಬರುತ್ತವೆ. ಇಳಿದ ಮೇಲೆ ಕ್ರೆಮ್ನಾ ರೆಜಿನಾ ತಿಂದೆವು. ಮೇಲೆ ಕೆಳಗೆ ಗರಿಗರಿ ಪದರ, ನಡುವೆ ಕಸ್ಟರ್ಡ್ ಮತ್ತು ಕ್ರೀಮ್. 1953ರಲ್ಲಿ ಇಲ್ಲಿನ ಹೋಟೆಲೊಂದರ ಬೇಕರಿಯವರು ಈಗಿನ ರೂಪಕ್ಕೆ ತಂದದ್ದು, ಏಳು ಸೆಂಟಿಮೀಟರ್‌ಗೆ ಏಳು ಸೆಂಟಿಮೀಟರ್ ಚೌಕ. ಮೊಟ್ಟೆ ಇದೆ, ತಿನ್ನದವರು ನೋಡಿಕೊಳ್ಳಿ. ನಮ್ಮಂಥ ಸಸ್ಯಾಹಾರಿಗಳಿಗೆ ಊಟಕ್ಕೆ ಗಿಣ್ಣು ತುಂಬಿದ ಹಿಟ್ಟಿನ ಸುರುಳಿ ಷ್ಟ್ರುಕ್ಲಿ ಸಿಗುತ್ತದೆ, ಹೊಟ್ಟೆ ತುಂಬುತ್ತದೆ.

ಭಾನುವಾರ

ಲೆಸ್ತ್ಸೆಯಿಂದ ಲುಬ್ಲಿಯಾನಾ ರೈಲು ಹತ್ತಿ ನಡುವೆ ಷ್ಕೊಫ್ಯಾ ಲೋಕಾದಲ್ಲಿ ಇಳಿದೆವು. ಸ್ಟೇಷನ್‌ನಿಂದ ಹಳೇ ಊರಿಗೆ ಮೂರು ಕಿಲೋಮೀಟರ್, ಭಾನುವಾರ ಬಸ್ ಕಮ್ಮಿ, ನಡೆಯಲು ಸಿದ್ಧವಾಗಿರಿ. ಇಲ್ಲಿ ಸರೋವರ ಇಲ್ಲ, ಎರಡು ಹೊಳೆ ಸೇರುವ ಜಾಗ. ಆದರೆ ಇದೂ ದೂರದ ಬಿಷಪ್ಪನ ಊರೇ. 973ರಲ್ಲಿ ಚಕ್ರವರ್ತಿ ಎರಡನೇ ಓಟ್ಟೊ ಇದನ್ನು ಫ್ರೈಸಿಂಗ್‌ನ ಬಿಷಪ್ ಅಬ್ರಹಾಮ್‌ಗೆ ಕೊಟ್ಟ. ಕೋಟೆ ಅದೇ 1511ರ ಭೂಕಂಪದಲ್ಲಿ ಬಿದ್ದು ಮತ್ತೆ ಎದ್ದದ್ದು. ಒಡೆತನ ಹೋದದ್ದೂ ಅದೇ 1803ರಲ್ಲಿ. ಈ ಬಿಷಪ್ಪರು ಮಾತ್ರ ಆಗಾಗ ಬಂದು ಹೋಗುತ್ತಿದ್ದರು ಅನ್ನುವುದಕ್ಕೆ ಊರಲ್ಲಿ ಒಂದು ಕಲ್ಲಿನ ಸೇತುವೆ ಸಾಕ್ಷಿ ಇದೆ. ಬಿಷಪ್ ಲಿಯೊಪೋಲ್ಡ್ ಕಟ್ಟಿಸಿದ್ದು. ಆಗ ಅದಕ್ಕೆ ಕಟಾಂಜನ ಇರಲಿಲ್ಲ, 1381ರಲ್ಲಿ ತಾನು ಕಟ್ಟಿಸಿದ ಸೇತುವೆ ಮೇಲಿಂದಲೇ ಕುದುರೆ ಸಮೇತ ಹೊಳೆಗೆ ಬಿದ್ದು ಸತ್ತನಂತೆ. ಈಗ ಕಟಾಂಜನ ಇದೆ.

ಕೋಟೆಯೊಳಗಿನ ಮ್ಯೂಸಿಯಂ ಬ್ಲೆಡ್‌ನದಕ್ಕಿಂತ ದೊಡ್ಡದು, ಜನ ಕಮ್ಮಿ, ಆರಾಮಾಗಿ ನೋಡಬಹುದು. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಅಣ್ಣ ಮೊಬೈಲಲ್ಲಿ ಫ್ರೈಸಿಂಗ್ ಎಲ್ಲಿದೆ ಅಂತ ಹುಡುಕುತ್ತಿದ್ದ. ಅವನಿರುವುದು ಮ್ಯೂನಿಕ್‌ನಲ್ಲಿ. ಫ್ರೈಸಿಂಗ್ ಅಲ್ಲಿನ ವಿಮಾನ ನಿಲ್ದಾಣದ ಪಕ್ಕದ ಊರು, ಲೋಕಲ್ ರೈಲು ಹೋಗುತ್ತದೆ.

"ಇದೇನೋ, ಈ ಊರಿನ ಜಮೀನ್ದಾರರು ನಮ್ಮನೆ ಪಕ್ಕದವರಾ!" ಅಂದ.

ಫ್ರೈಸಿಂಗ್‌ನ ಬಿಷಪ್ಪರ ಹತ್ತಿರ ಇದ್ದ ಒಂದು ಹಸ್ತಪ್ರತಿಯಲ್ಲಿ ಸ್ಲೊವೇನಿಯನ್ ಭಾಷೆಯ ಅತಿ ಹಳೆಯ ಬರಹ ಸಿಕ್ಕಿದೆ, ಸಾವಿರ ವರ್ಷ ಹಿಂದಿನದು. ಅದು ಈಗ ಮ್ಯೂನಿಕ್‌ನ ಬವೇರಿಯಾ ರಾಜ್ಯ ಗ್ರಂಥಾಲಯದಲ್ಲಿದೆ ಅಂತ ನಾನು ಹೇಳಿದೆ. ಅತ್ತಿಗೆ ಆ ಗ್ರಂಥಾಲಯದ ಮುಂದೆಯೇ ದಿನಾ ಸೈಕಲ್ಲಲ್ಲಿ ಕೆಲಸಕ್ಕೆ ಹೋಗುವವರು. ಆ ಹಸ್ತಪ್ರತಿಯನ್ನು ಹೊರಗಿನವರಿಗೆ ತೋರಿಸುತ್ತಾರಾ ಅಂತ ಸೋಮವಾರವೇ ಒಳಗೆ ಹೋಗಿ ವಿಚಾರಿಸುತ್ತೇನೆ ಅಂದರು.